ಹಿಂದಿನ ಚಕ್ರದ ಸದ್ದು

ಮೂರು ವರ್ಷದಿಂದ ಆ ಮನೆಯಲ್ಲಿ ಯಾರ ಮೇಲೂ ಕೈ ಎದ್ದಿರಲಿಲ್ಲ. ಇದು ಹಿತ್ತಲ ಶೆಡ್ಡಿನಲ್ಲಿದ್ದ ಕಾರಿನ ಪುಣ್ಯ ಅಂತ ಅಮ್ಮ ಬಲವಾಗಿ ನಂಬಿದ್ದಳು.

ಅದು ಶೋರೂಮಿನಲ್ಲಿ ಸಿಗುವ ಕಾರಲ್ಲ. ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬಂದು, ಮನೆಯಲ್ಲೇ ಜೋಡಿಸಿಕೊಳ್ಳಬೇಕಾದ, ಇಬ್ಬರೇ ಕೂರುವಂಥ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗಿನ ಸ್ಪೋರ್ಟ್ಸ್ ಕಾರು. ಅಡಿಯ ಚೌಕಟ್ಟಾದ ಚಾಸಿ, ಬಾಡಿ, ದೀಪ, ಸ್ಟೀರಿಂಗು ಪೆಟ್ಟಿಗೆಗಳಲ್ಲಿ ಬಂದವು. ಇಂಜಿನ್ನು, ಗೇರ್‌ಬಾಕ್ಸು, ಹಿಂದಿನ ಎರಡು ಚಕ್ರಗಳ ನಡುವೆ ಕೂರುವ ಡಿಫರೆನ್ಷಿಯಲ್ಲು, ಇವನ್ನು ಮಾತ್ರ ಗುಜರಿಗೆ ಬಿದ್ದ ಹಳೇ ಕಾರಿನಿಂದ ಕಿತ್ತು ತಂದಿದ್ದರು.

ಕಾರು ತರಿಸಿದವನು ಮಗ. ಅವನದು ಲಿಫ್ಟ್ ರಿಪೇರಿ ಕೆಲಸ. ಅಪ್ಪ ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತನಾದವನು. ಬೀದಿಯವರ ಬಾಯಲ್ಲಿ ಅವನು ಕ್ರೇನಪ್ಪ. ನಿವೃತ್ತನಾದ ಮೇಲೆ ದಿನವಿಡೀ ಕಿಟಕಿಯ ಹತ್ತಿರ ಕೂತು ಹೋಗುವವರನ್ನೂ ಬರುವವರನ್ನೂ ಬೈಯುತ್ತಿದ್ದ. ಸಂಜೆಯಾದರೆ ಬೈಗುಳ ಸಾಲದೆ ಕೈ ಹೆಂಡತಿಯ ಮೈಮೇಲೆ ಬರುತ್ತಿತ್ತು. ಪೆಟ್ಟಿಗೆಗಳು ಬಂದಾಗ ಮೊದಲ ವಾರ ನಕ್ಕ. ಎರಡನೇ ವಾರ ಸ್ಪ್ಯಾನರ್ ಹಿಡಿದ. ಆಮೇಲೆ ಊಟಕ್ಕೆ ಕರೆದರೂ ಶೆಡ್ಡಿನಿಂದ ಬರಲೊಲ್ಲ.

ಸೊಸೆ ಆ ಮನೆಗೆ ಬಂದದ್ದು ಈ ತಣ್ಣಗಿನ ಕಾಲದಲ್ಲಿ. ಬಸ್ಸುಗಳಿಗೆ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಕಾರಿನ ಎರಡು ಕೆಂಪು ಸೀಟನ್ನೂ ಅವಳೇ ಹೊಲಿದಳು. ಮಾವನ ಕೈಯ ಬಗ್ಗೆ ಪಕ್ಕದ ಮನೆಯವರು ಏನೇನೋ ಹೇಳಿದ್ದರು. ಜನರ ಬಾಯಿಗೆ ಬಾಗಿಲು ಎಲ್ಲಿದೆ ಅಂದುಕೊಂಡು ಅವಳು ಅದನ್ನು ಅಲ್ಲಿಗೇ ಬಿಟ್ಟಿದ್ದಳು.

ಕಾರು ಬೀದಿಗಿಳಿದದ್ದು ಒಂದು ಭಾನುವಾರ ಬೆಳಿಗ್ಗೆ. ಬೀದಿಯವರೆಲ್ಲ ಗೇಟಿಗೆ ಒರಗಿ ನಿಂತಿದ್ದರು. ಮಗ ಓಡಿಸಿದ, ಕ್ರೇನಪ್ಪ ಪಕ್ಕದಲ್ಲಿ ಕೂತ. ಬೀದಿ ಕೊನೆಯ ತಿರುವಿನವರೆಗೆ ಹೋಗಿ ವಾಪಸ್ಸು ಬಂದಾಗ ಇಬ್ಬರ ಮುಖದಲ್ಲೂ ನಗು ಇರಲಿಲ್ಲ.

"ಏನಾಯ್ತು?" ಅಂದಳು ಸೊಸೆ.

"ಹಿಂದಿನಿಂದ ಸದ್ದು ಬರ್ತಿದೆ," ಅಂದ ಮಗ. "ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದ್ರೆ ಡಕ್ ಅನ್ನತ್ತೆ. ತಿರುವಲ್ಲಂತೂ ಯಾರೋ ಕೆಳಗೆ ಕೂತು ಸುತ್ತಿಗೇಲಿ ಹೊಡೆದ ಹಾಗೆ."

"ಓಡಿಸೋಕೆ ಬರದವನಿಗೆ ಎಲ್ಲಾ ಸದ್ದೇ," ಅಂದ ಕ್ರೇನಪ್ಪ.

"ಡಿಫರೆನ್ಷಿಯಲ್ದು ಅದು. ಕೂರಿಸಿದ್ದು ನೀನಲ್ವಾ ಅಪ್ಪಾ?"

ಬೀದಿಯವರ ಎದುರಿಗೆ ಆಡಿದ ಮಾತು. ಕ್ರೇನಪ್ಪ ಇಳಿದು, ಬಾಗಿಲು ಹಾಕಿ, ಒಳಗೆ ಹೋದ.

ಮಧ್ಯಾಹ್ನ ಊಟಕ್ಕೆ ಕೋಳಿ ಸೂಪು, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು. ಅಮ್ಮ ಖುಷಿಗೆ ದೊಡ್ಡ ಪಾತ್ರೆಯಲ್ಲಿ ಮಾಡಿದ್ದಳು. ಮಗ ಬಡಿಸಿಕೊಳ್ಳುತ್ತಲೇ ಮಾತು ತೆಗೆದ.

"ಗೇರಿನ ಹಲ್ಲಿಗೂ ಹಲ್ಲಿಗೂ ನಡುವೆ ಸಡಿಲು ಜಾಸ್ತಿ ಆಗಿರ್ಬೇಕು. ಮತ್ತೆ ಬಿಚ್ಚಿ ಅಳೀಬೇಕು."

"ನಾನು ಅಳೆದೇ ಕೂರಿಸಿದ್ದು."

"ಅಳೆದಿದ್ರೆ ಸದ್ದು ಯಾಕ್ ಬರುತ್ತಪ್ಪಾ?"

ಕ್ರೇನಪ್ಪನ ದನಿ ಸಿಟ್ಟಿಗೆ ಏರುವುದಲ್ಲ, ಇಳಿಯುವುದು. "ಇನ್ನೊಂದ್ಸಲ ಹೇಳು," ಅಂದ, ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುವ ಹಾಗೆ.

ಅಮ್ಮ ಸುಮ್ಮನೆ ಎದ್ದು ಬ್ರೆಡ್ಡಿನ ಚಾಕುವನ್ನು ಮೇಜಿನಿಂದ ತೆಗೆದು ಒಲೆಯ ಹಿಂದೆ ಇಟ್ಟಳು. ಸೊಸೆಗೆ ಅದು ಯಾಕೆ ಅಂತ ಅರ್ಥವಾಗಲಿಲ್ಲ. ಅರ್ಥವಾಗುವಷ್ಟರಲ್ಲಿ ಸೂಪಿನ ಪಾತ್ರೆ ಮೇಜು ದಾಟಿ ಹೋಗಿತ್ತು. ಮಗ ತಲೆ ತಗ್ಗಿಸಿದ. ಚಾಕು ಇಟ್ಟು ತಿರುಗಿದ ಅಮ್ಮನ ಎಡಗೈ ಮೇಲೆ ಮೊಣಕೈವರೆಗೆ ಕುದಿಯುವ ಸೂಪು ಸುರಿಯಿತು. ಅವಳು ಕೂಗಲಿಲ್ಲ. ನಲ್ಲಿಯ ಕೆಳಗೆ ಕೈ ಹಿಡಿದು, ಇನ್ನೊಂದು ಕೈಯಿಂದ ಒರೆಸುವ ಬಟ್ಟೆ ಹುಡುಕಿದಳು.

"ಅತ್ತೆ, ಬಿಡಿ, ನಾನು ಒರೆಸ್ತೀನಿ."

"ಮೊದಲು ಅವರಿಗೆ ಆಲೂಗಡ್ಡೆ ಹಾಕು," ಅಂದಳು ಅಮ್ಮ. "ಹೊಟ್ಟೆ ಖಾಲಿ ಇದ್ರೆ ಇನ್ನೂ ಕಷ್ಟ."

ಕ್ರೇನಪ್ಪ ಆಲೂಗಡ್ಡೆ ತಿಂದು ಎದ್ದುಹೋದ.

ಮುಂದಿನ ವಾರ ಪೂರ್ತಿ ಅಪ್ಪ ಮಗ ಇಬ್ಬರೂ ಶೆಡ್ಡಿನಲ್ಲೇ. ಡಿಫರೆನ್ಷಿಯಲ್ ಅಂದರೆ ಗೇರುಗಳು ತುಂಬಿದ ಕಬ್ಬಿಣದ ಉಂಡೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಉರುಳಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸವನ್ನು ಸರಿತೂಗಿಸುವುದೇ ಅದರ ಕೆಲಸ. ಹಿಂದಿನ ಮುಚ್ಚಳ ಬಿಚ್ಚಿ, ಕಾಗದದಷ್ಟು ತೆಳುವಾದ ತಗಡಿನ ಬಿಲ್ಲೆಗಳನ್ನು ಒಂದು ಪಕ್ಕದಿಂದ ತೆಗೆದು ಇನ್ನೊಂದು ಪಕ್ಕಕ್ಕೆ ಸೇರಿಸಿದರು. ದೊಡ್ಡ ಗೇರಿನ ಸಡಿಲು ಸರಿಹೋಯಿತು. ಮುಚ್ಚಳ ಹಾಕಿ, ಎಣ್ಣೆ ತುಂಬಿ ಓಡಿಸಿದರೆ ಡಕ್ ಅನ್ನುವುದು ಹಾಗೇ ಇತ್ತು.

"ಒಳಗಿನ ಸಣ್ಣ ಗೇರುಗಳದ್ದು ಇದು," ಅಂದ ಮಗ. "ನಾವು ನೋಡ್ತಿರೋದೇ ತಪ್ಪು ಜಾಗ. ಉಂಡೆ ಪೂರ್ತಿ ಇಳಿಸ್ಬೇಕು."

"ಗುಜರೀಲಿ ಹತ್ತು ಬಿದ್ದಿತ್ತು. ಆರಿಸಿ ತಂದಿದ್ದು ನಾನು. ಒಳಗೆ ಹೊಸದರ ಹಾಗಿದೆ."

"ಕುಣಿಯೋಕೆ ಬರ್ದೆ ಇದ್ರೆ ನೆಲ ಡೊಂಕು ಅಂದ್ಳಂತೆ. ಹಾಗಾಯ್ತು ನಿನ್ನ ಕಥೆ."

ಮಗ ಅದನ್ನು ನಗುತ್ತಲೇ ಅಂದಿದ್ದ. ಕ್ರೇನಪ್ಪನ ಕೈಯಲ್ಲಿ ಮರದ ಸುತ್ತಿಗೆ ಇತ್ತು. ಅದು ಮಗನ ಕಿವಿಗೆ ಬಿತ್ತು. ಮಗ ಮಂಡಿಯೂರಿ ಕೂತ. ಬೆರಳ ಸಂದಿಯಿಂದ ರಕ್ತ ಇಳಿದು ಅಂಗಿಯ ಕಾಲರು ತೋಯಿತು. ಮೂವತ್ತು ದಾಟಿದ ಗಂಡಸು, ಅಪ್ಪನಿಗಿಂತ ಗೇಣುದ್ದ ಎತ್ತರ, ಆದರೂ ಕೈ ಎತ್ತಲಿಲ್ಲ. ಎದ್ದು ಮನೆಯೊಳಗೆ ಹೋದ.

ಒಳಗೆ ಹೆಂಡತಿ ಹತ್ತಿಯಿಂದ ಕಿವಿ ಒರೆಸುತ್ತಾ ಅಂದಳು, "ಆ ಕಾರು ಮಾರಿಬಿಡೋಣ. ನಮಗೆ ಬೇಡ ಅದು."

"ಸುಮ್ನಿರು."

"ಇವತ್ತು ಕಿವಿ, ನಾಳೆ ಏನು? ನಿಮ್ಮಪ್ಪನಿಗೆ ತಲೆ ಕೆಟ್ಟಿದೆ. ನೀವಾದ್ರೂ..."

ಅವನು ಹೊಡೆದ. ಅಂಗೈ ಬಿಚ್ಚಿ, ಕೆನ್ನೆಗೆ. ಅವಳ ತಲೆ ಬೀರುವಿಗೆ ಬಡಿದು ಹತ್ತಿಯ ಡಬ್ಬಿ ಉರುಳಿತು. ಹೊಡೆದ ಮೇಲೆ ಅವನು ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ ಹೊರಗೆ ಹೋಗಿಬಿಟ್ಟ.

ಅಮ್ಮ ಬಟ್ಟೆಯಲ್ಲಿ ಐಸು ಸುತ್ತಿ ತಂದಳು. "ಕಣ್ಣಿನ ಕೆಳಗೆ ಒತ್ತಿ ಹಿಡ್ಕೋ. ಈಗಲೇ ಹಿಡಿದ್ರೆ ನಾಳೆ ಕೆಲಸಕ್ಕೆ ಹೋಗೋವಾಗ ಅಷ್ಟು ಕಾಣಲ್ಲ."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಅಂದಳು ಸೊಸೆ. ಅಳು ಬರಲಿಲ್ಲ ಅವಳಿಗೆ. "ಎಷ್ಟು ವರ್ಷದಿಂದ ಹೀಗೆ ಐಸ್ ಹಿಡ್ಕೊಂಡಿದೀರಿ ಅತ್ತೆ?"

"ಮುಂಚೆ ಈ ಮನೇಲಿ ಫ್ರಿಜ್ ಇರ್ಲಿಲ್ಲ," ಅಂದಳು ಅಮ್ಮ. "ತಣ್ಣೀರು ಬಟ್ಟೆ."

ಅಮ್ಮನಿಗೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಹಾಸಿಗೆಯ ಬಟ್ಟೆಗಳನ್ನು ಇಸ್ತ್ರಿ ಮಾಡಿ ಮಡಚುವುದು. ಸುಟ್ಟ ಕೈಗೆ ಬಟ್ಟೆ ಸುತ್ತಿಕೊಂಡೇ ಆ ವಾರವೆಲ್ಲ ಹೋದಳು. ಯಾರಾದರೂ ಕೇಳಿದರೆ ಇಸ್ತ್ರಿ ತಗುಲಿತು ಅಂದಳು. ಇಸ್ತ್ರಿಯ ಗಾಯ ಹೀಗಿರುವುದಿಲ್ಲ ಅಂತ ಅಲ್ಲಿ ಎಲ್ಲರಿಗೂ ಗೊತ್ತು. ಯಾರೂ ಮತ್ತೆ ಕೇಳಲಿಲ್ಲ.

ಶನಿವಾರ ಮಧ್ಯಾಹ್ನ ಮಗ ಯಾರಿಗೂ ಹೇಳದೆ ಕಾರಿನ ಹಿಂಭಾಗವನ್ನು ಜಾಕಿನಿಂದ ಎತ್ತಿ, ಎರಡು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರ ಬಿಚ್ಚಿ ಅಡಿಗೆ ತೂರಿದ. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಗಹಾಕುತ್ತಿದ್ದಳು. ಶೆಡ್ಡಿನ ಬಾಗಿಲು ತೆರೆದೇ ಇತ್ತು. ಕ್ರೇನಪ್ಪ ನಿದ್ದೆ ಮುಗಿಸಿ ಬಂದು ಕಾರಿನ ಪಕ್ಕ ನಿಂತ.

"ಏನ್ ಬಿಚ್ತಾ ಇದೀಯ?"

"ಉಂಡೆ ಇಳಿಸ್ತಾ ಇದೀನಿ." ಮಗನ ದನಿ ಕಾರಿನ ಕೆಳಗಿನಿಂದ ಬಂತು. "ಒಳಗಿನ ಗೇರು ನೋಡ್ಬೇಕು."

"ಒಳಗೆ ಏನೂ ಇಲ್ಲ ಅಂದ್ನಲ್ಲ. ನಾನೇ ತಿರುಗಿಸಿ ನೋಡಿ ತಂದಿದ್ದು."

"ತಿರುಗಿಸಿ ನೋಡಿದ್ದೆ. ಬಿಚ್ಚಿ ನೋಡಿರ್ಲಿಲ್ಲ."

"ಹೊರಗೆ ಬಾ."

"ಇನ್ನೆರಡು ಬೋಲ್ಟ್ ಇದೆ."

"ಹೊರಗೆ ಬಾ ಅಂದೆ ನಾನು."

"ಬರಲ್ಲಪ್ಪಾ. ನೀನು ಹೋಗಿ ಕಿಟಕಿ ಹತ್ರ ಕೂತ್ಕೋ."

ಕ್ರೇನಪ್ಪ ಸ್ಟ್ಯಾಂಡಿಗೆ ಒದ್ದ. ಮೊದಲ ಒದೆತಕ್ಕೆ ಅದು ಓರೆಯಾಗಿ ನಿಂತಿತು. ಅಲ್ಲಿಗೆ ಬಿಡಬಹುದಾಗಿತ್ತು. ಒಂದು ಹೆಜ್ಜೆ ಹಿಂದೆ ಸರಿದು, ಸರಿಯಾಗಿ ಗುರಿಯಿಟ್ಟು ಇನ್ನೊಮ್ಮೆ ಒದ್ದ.

ಕಾರಿನ ಹಿಂಭಾಗ ಒಂದೇ ಸಲಕ್ಕೆ ಕೂತುಬಿಟ್ಟಿತು. ಮಗನ ತಲೆಯೂ ಎದೆಯೂ ಭಾರ ಬಿದ್ದ ಜಾಗದಿಂದ ಆಚೆ ಇದ್ದವು. ಬಲಗೈ ಮಾತ್ರ ಕಬ್ಬಿಣಕ್ಕೂ ನೆಲಕ್ಕೂ ನಡುವೆ. ಅವನ ಕೂಗಿಗೆ ಸೊಸೆ ಅಡುಗೆಮನೆಯಿಂದ ಓಡಿಬಂದಳು. ಅಮ್ಮನ ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ಇತ್ತು.

ಸೊಸೆ ಜಾಕು ಎಳೆದು ತಂದು ಕೈಗೆ ಸಿಕ್ಕ ಕಡೆ ತೂರಿಸಿದಳು.

"ಅಲ್ಲಿಡಬೇಡ, ಜಾರುತ್ತೆ," ಅಂದ ಕ್ರೇನಪ್ಪ. ದನಿ ಶಾಂತವಾಗಿತ್ತು, ಬಂದರಿನಲ್ಲಿ ಭಾರ ಎತ್ತುವಾಗ ಹೇಳುವ ಹಾಗೆ. "ಚಾಸಿ ಕೆಳಗಿಡು. ಇನ್ನೂ ಎಡಕ್ಕೆ. ಹೂಂ, ಈಗ ಎತ್ತು. ನಿಧಾನ."

ಅವಳು ಅವನು ಹೇಳಿದಂತೆಯೇ ಮಾಡಿದಳು. ಅಮ್ಮ ಮಗನ ಭುಜ ಹಿಡಿದು ಹೊರಗೆ ಎಳೆದಳು. ಮೊಣಕೈಯ ಕೆಳಗೆ ಕೈ ಎರಡು ಕಡೆ ಬಾಗಿತ್ತು. ಒಂದು ಕಡೆ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು.

ಅಮ್ಮ ಕೆಲಸ ಮಾಡುವ ದೊಡ್ಡಾಸ್ಪತ್ರೆಗೇ ನಾಲ್ವರೂ ಹೋದರು. ಎಮರ್ಜೆನ್ಸಿ ವಾರ್ಡಿನಲ್ಲಿ ಡಾಕ್ಟರು ಕೇಳಿದರು, "ಹೇಗಾಯ್ತು ಇದು?"

"ಸ್ಟ್ಯಾಂಡ್ ಜಾರಿಬಿಡ್ತು ಡಾಕ್ಟ್ರೇ," ಅಂದ ಕ್ರೇನಪ್ಪ. "ಹುಡುಗರಿಗೆ ಹೇಳಿದ್ರೆ ಎಲ್ಲಿ ಕೇಳ್ತಾರೆ."

ಡಾಕ್ಟರು ಮಗನ ಮುಖ ನೋಡಿದರು. ಮಗ ಕಣ್ಣು ಮುಚ್ಚಿಕೊಂಡ. ಪಕ್ಕದಲ್ಲಿದ್ದ ನರ್ಸಮ್ಮ ಅಮ್ಮನನ್ನು ವರ್ಷಗಳಿಂದ ಬಲ್ಲವಳು. ಅವಳು ಅಮ್ಮನ ಕೈಗೆ ಸುತ್ತಿದ ಬಟ್ಟೆಯನ್ನೇ ನೋಡುತ್ತಿದ್ದಳು.

"ಜಾರಲಿಲ್ಲ," ಅಂದಳು ಅಮ್ಮ.

"ಏನಂದೆ?" ಕ್ರೇನಪ್ಪನ ದನಿ ಇಳಿಯಿತು.

ಅಮ್ಮ ಅವನ ಕಡೆ ತಿರುಗಲಿಲ್ಲ. ಡಾಕ್ಟರಿಗೆ ಹೇಳಿದಳು. "ಇವರು ಒದ್ದರು. ಎರಡು ಸಲ. ನಾನು ನೋಡಿದೆ. ನನ್ನ ಕೈ ಸುಟ್ಟಿದ್ದೂ ಇಸ್ತ್ರಿ ಅಲ್ಲ. ಹಿಂದೆ ನನ್ನ ಪಕ್ಕೆಲುಬು ಮುರಿದಾಗ ಮೆಟ್ಟಿಲಿಂದ ಬಿದ್ದೆ ಅಂತ ಇದೇ ಆಸ್ಪತ್ರೇಲಿ ಹೇಳಿದ್ದೆ. ಅದೂ ಸುಳ್ಳು."

ಕ್ರೇನಪ್ಪ ಅವಳ ಜುಟ್ಟು ಹಿಡಿದು ತಲೆಯನ್ನು ತಳ್ಳುಗಾಡಿಯ ಕಬ್ಬಿಣಕ್ಕೆ ಬಡಿದ. ಡಾಕ್ಟರು, ನರ್ಸಮ್ಮ, ಸರದಿಯಲ್ಲಿ ಕೂತ ಜನ, ಎಲ್ಲರ ಎದುರಿಗೆ. ಎರಡನೇ ಸಲ ಬಡಿಯುವ ಮೊದಲು ವಾರ್ಡಿನ ಇಬ್ಬರು ಗಂಡಸರು ಬಂದು ಅವನನ್ನು ನೆಲಕ್ಕೆ ಒತ್ತಿದರು. ನೆಲದ ಮೇಲೆ ಬಿದ್ದುಕೊಂಡೇ ಅವನು, "ನನ್ನ ಮನೆ ವಿಷಯ ಇದು, ನಿಮಗೇನು?" ಅನ್ನುತ್ತಿದ್ದ.

ಪೊಲೀಸರು ಕೆಲವು ದಿನ ಇಟ್ಟುಕೊಂಡು, ಆ ಮನೆಯ ಕಡೆ ತಲೆ ಹಾಕಬಾರದು ಅಂತ ಬರೆಸಿಕೊಂಡು ಬಿಟ್ಟರು. ಕ್ರೇನಪ್ಪ ತನ್ನ ತಮ್ಮನ ಮನೆಗೆ ಹೋದ.

ಮನೆಯಲ್ಲಿ ನೆಮ್ಮದಿ ಬರಬೇಕಿತ್ತು. ಬರಲಿಲ್ಲ. ಮಗ ಪ್ಲಾಸ್ಟರು ಹಾಕಿದ ಕೈಯನ್ನು ಮೇಜಿನ ಮೇಲಿಟ್ಟು, ಎಡಗೈಯಲ್ಲಿ ಚಮಚ ಹಿಡಿದು, ಅರ್ಧ ಊಟವನ್ನು ಬಟ್ಟೆಯ ಮೇಲೆ ಚೆಲ್ಲಿಕೊಳ್ಳುತ್ತಿದ್ದ. ಕೆಲಸಕ್ಕೆ ರಜೆ. ಇಡೀ ದಿನ ಕಿಟಕಿಯ ಹತ್ತಿರದ ಅದೇ ಕುರ್ಚಿ.

"ನಾಲ್ಕು ಜನರ ಮುಂದೆ ಮನೆ ಮಾನ ಹರಾಜಿಗಿಟ್ಟೆ," ಅಂದ ಒಂದು ದಿನ ಅಮ್ಮನಿಗೆ.

"ಮಾನ ಇದ್ರೆ ತಾನೇ ಹರಾಜು," ಅಂದಳು ಅಮ್ಮ. "ಸೂಪು ಹಾಕ್ಲಾ?"

"ನಾನು ಕಣ್ಣು ಮುಚ್ಕೊಂಡಿದ್ನಲ್ಲ. ನೀನ್ಯಾಕೆ ಬಾಯಿ ಬಿಟ್ಟೆ? ಕೈ ನಂದು ಮುರಿದಿದ್ದು."

"ಒದ್ದಿದ್ದು ನೋಡಿದ ಕಣ್ಣು ನಂದು."

ಅವನು ತಟ್ಟೆಯನ್ನು ತಳ್ಳಿದ. ತಟ್ಟೆ ಸೊಸೆಯ ಎದೆಗೆ ತಾಗಿ ಅನ್ನ ಚೆಲ್ಲಿತು. ಸೊಸೆ ಅನ್ನ ಬಾಚಿ ತಟ್ಟೆಗೆ ಹಾಕಿದಳು. ಆದರೆ ಅತ್ತೆಯ ಹಾಗೆ ಮತ್ತೆ ಬಡಿಸಲಿಲ್ಲ. ಅವನು ಅವತ್ತು ಹಸಿದುಕೊಂಡೇ ಎದ್ದ.

ಕಾರು ಬಿದ್ದ ಹಾಗೇ ಶೆಡ್ಡಿನಲ್ಲಿತ್ತು. ಅವನಿಗೆ ಅದರದ್ದೇ ಧ್ಯಾನ. ಒಂದು ಸಂಜೆ ಹೆಂಡತಿ ಕೆಲಸದಿಂದ ಬಂದ ಕೂಡಲೇ ಅಂದ, "ನಂಗೆ ಎರಡು ಕೈ ಬೇಕು. ನಿಂದು ಕೊಡ್ತೀಯಾ?"

"ಏನಕ್ಕೆ?"

"ಉಂಡೆ ಇಳಿಸೋಕೆ. ನಾನು ಹೇಳ್ತೀನಿ, ನೀನು ಬಿಚ್ಚು."

"ಕಾರು ಮಾರೋಣ ಅಂದಿದ್ದಕ್ಕೆ ಕೆನ್ನೆಗೆ ಬಾರಿಸಿದ್ರಿ."

ಅವನು ತಲೆ ತಗ್ಗಿಸಿದ. "ಸದ್ದು ನಿಂತ್ರೆ ಮಾರೋಕಾದ್ರೂ ಆಗುತ್ತೆ."

ಅವಳು ಒಪ್ಪಿದಳು. ಅವನ ಮೇಲಿನ ಪ್ರೀತಿಗೋ, ಬೇಗ ಅದು ಮನೆಯಿಂದ ತೊಲಗಲಿ ಅಂತಲೋ, ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ದಿನಾ ಸಂಜೆ ಚಹಾ ಕುಡಿದು ಇಬ್ಬರೂ ಶೆಡ್ಡಿಗೆ ಹೋಗುವರು. ಸ್ಟ್ಯಾಂಡುಗಳನ್ನು ಅವಳು ನಂಬಲಿಲ್ಲ. ಅವುಗಳ ಪಕ್ಕ ಮರದ ದಿಮ್ಮಿಗಳನ್ನೂ ಒಟ್ಟಿದಳು. ಎಣ್ಣೆ ಇಳಿಸಿದಳು, ಚಕ್ರಕ್ಕೆ ಹೋಗುವ ದಂಡಗಳನ್ನು ಎಳೆದಳು, ಬೋಲ್ಟು ಬಿಚ್ಚಿದಳು. ಉಂಡೆ ಜಾಕಿನ ಮೇಲೆ ಇಳಿದು ಬಂದಾಗ ಅದರ ಭಾರಕ್ಕೆ ಅವಳ ಮಣಿಕಟ್ಟು ತಿರುಚಿತು.

"ನಾಳೆ ಬಿಳೀ ಸೀಟು ಹೊಲಿಯೋದಿದೆ," ಅಂದಳು ಗ್ರೀಸು ಮೆತ್ತಿದ ಕೈ ನೋಡುತ್ತಾ. "ಮೇಸ್ತ್ರಿ ನನ್ನನ್ನೇ ಸೀಟಿಗೆ ಸೇರಿಸಿ ಹೊಲೀತಾನೆ."

ಅವನು ನಕ್ಕ. ಬಹಳ ದಿನದ ಮೇಲೆ.

ಉಂಡೆಯನ್ನು ಮೇಜಿನ ಮೇಲಿಟ್ಟು ಬಿಚ್ಚಿದರು. ಒಳಗಿನ ಎರಡು ಸಣ್ಣ ಗೇರುಗಳು ಒಂದು ಬೆರಳು ದಪ್ಪದ ಉಕ್ಕಿನ ಪಿನ್ನಿನ ಮೇಲೆ ತಿರುಗುತ್ತವೆ. ಅವಳು ಆ ಪಿನ್ನನ್ನು ತಟ್ಟಿ ಹೊರಗೆ ತೆಗೆದಳು. ನಡುವೆ ನಯವಾಗಿರಬೇಕಾದ ಜಾಗದಲ್ಲಿ ಉಗುರು ಕೂರುವಷ್ಟು ಆಳದ ಸವೆತ. ಗೇರಿನ ಹಿಂದಿನ ಬಿಲ್ಲೆಗಳು ತರಗೆಲೆಯ ಹಾಗೆ ತೆಳುವಾಗಿದ್ದವು, ಒಂದಂತೂ ಎರಡು ತುಂಡಾಗಿ ಬಂತು.

"ಇಷ್ಟೇನಾ?" ಅಂದಳು.

"ಇಷ್ಟೇ." ಅವನು ಪಿನ್ನನ್ನು ಎಡಗೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ. "ಗುಜರೀಲೇ ಹೀಗೆ ಇತ್ತು ಇದು. ನಾನು ಕೆಡಿಸಿದ್ದಲ್ಲ, ಅಪ್ಪ ಕೆಡಿಸಿದ್ದಲ್ಲ. ಬಿಚ್ಚಿ ನೋಡಿದ್ರೆ ಆಗ್ತಿತ್ತು. ಬರೀ ನೋಡಿದ್ರೆ."

ಹೊಸ ಪಿನ್ನು, ಗೇರು, ಬಿಲ್ಲೆ ಬರಲು ಕೆಲವು ದಿನ ಹಿಡಿಯಿತು. ಜೋಡಿಸುವ ದಿನ ಅವನು ಬೆಳಿಗ್ಗೆಯಿಂದಲೇ ಚಡಪಡಿಸುತ್ತಿದ್ದ. ಬೇರಿಂಗನ್ನು ಹಿಡಿದಿಡುವ ಎರಡು ಕಬ್ಬಿಣದ ಕಮಾನುಗಳಿದ್ದವು. ಎಡಗಡೆಯದು ಎಡಕ್ಕೇ, ಬಲಗಡೆಯದು ಬಲಕ್ಕೇ ಕೂರಬೇಕು. ಬದಲಾದರೆ ಎಲ್ಲ ಕೆಡುತ್ತದೆ. ಅವಳು ಎಲ್ಲ ಬೋಲ್ಟು ಬಿಗಿಮಾಡಿ ಬೆವರು ಒರೆಸಿಕೊಂಡಾಗ ಅವನು ಬಗ್ಗಿ ನೋಡಿದ.

"ಅದಲುಬದಲು ಹಾಕಿದೀಯ."

"ಇಲ್ಲ, ನೀವು ಕೊಟ್ಟ ಹಾಗೇ..."

"ಅದಲುಬದಲು ಹಾಕಿದೀಯ ಅಂದೆ. ಚುಕ್ಕಿ ಗುರುತು ಕಾಣಲ್ವಾ? ಕಣ್ಣೇನು ಸೂಜಿ ಪೋಣಿಸೋಕೆ ಮಾತ್ರ ಇರೋದಾ?" ಅವನ ಎಡಗೈ ಮೇಲೆದ್ದಿತು. ಅದರಲ್ಲಿ ದೊಡ್ಡ ಸ್ಪ್ಯಾನರ್ ಇತ್ತು.

"ಇಳಿಸು," ಅಂದಳು ಅವಳು.

ಗಂಡನನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವನ ಕೈ ಅಲ್ಲೇ ನಿಂತಿತು.

"ನೀನು ಮೊದಲು ಕೈ ಇಳಿಸು. ಆಮೇಲೆ ಬಿಚ್ಚಿ ಹಾಕ್ತೀನಿ."

ಶೆಡ್ಡಿನ ಬಾಗಿಲಲ್ಲಿ ಅಮ್ಮ ಚಹಾ ಹಿಡಿದು ನಿಂತಿದ್ದಳು. "ಹೊಡಿ," ಅಂದಳು ಮಗನಿಗೆ. "ಹೊಡೆದು ನೋಡು. ಅದೇ ಡಾಕ್ಟ್ರು, ಅದೇ ಪೊಲೀಸು. ದಾರಿ ನನಗೆ ಗೊತ್ತಿದೆ."

ಅವನು ಸ್ಪ್ಯಾನರನ್ನು ಮೇಜಿನ ಮೇಲಿಟ್ಟ. ಅಮ್ಮ ಚಹಾ ಇಟ್ಟು ಹೋದಳು. ಅವನು ಮೆಲ್ಲಗೆ ಅಂದ, "ಒಂದು ಚುಕ್ಕಿ ಇರೋದು ಎಡಕ್ಕೆ. ಎರಡು ಚುಕ್ಕಿ ಬಲಕ್ಕೆ. ನಾನು ಮೊದಲೇ ಹೇಳ್ಬೇಕಿತ್ತು."

ಶನಿವಾರ ಅವಳೇ ಕಾರು ಓಡಿಸಿದಳು, ಅವನು ಪಕ್ಕದಲ್ಲಿ ಕೂತ. ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟು ಒತ್ತಿದಳು, ಮತ್ತೆ ಬಿಟ್ಟು ಒತ್ತಿದಳು. ಇಂಜಿನ್ನಿನ ದನಿ ಬಿಟ್ಟರೆ ಬೇರೆ ಸದ್ದಿಲ್ಲ. ಅವನು ಇನ್ನೊಂದು ಸುತ್ತು ಹಾಕು ಅಂದ. ಅವಳು ಹಾಕಿದಳು. ಬೀದಿಯವರು ನೋಡಿದರು. ಸುದ್ದಿ ಅವತ್ತು ಸಂಜೆಯೇ ಕ್ರೇನಪ್ಪನ ತಮ್ಮನ ಮನೆಗೆ ತಲುಪಿತು.

ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಹಿತ್ತಲ ಗೇಟು ಕಿರ್ರೆಂದಿತು. ಎಲ್ಲರೂ ಎದ್ದು ಹೋದರು. ಕ್ರೇನಪ್ಪ ಶೆಡ್ಡಿನಲ್ಲಿ ಕಾರಿನ ಸುತ್ತ ನಡೆಯುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಗಡ್ಡ ಬೋಳಿಸಿದ್ದ.

"ಕೀ ಕೊಡು," ಅಂದ ಮಗನಿಗೆ. "ಒಂದು ಸುತ್ತು ಹೋಗ್ಬರ್ತೀನಿ. ಮೂರು ವರ್ಷ ಬೆವರು ಸುರಿಸಿದೀನಿ ಇದಕ್ಕೆ."

"ನೀನು ಇಲ್ಲಿಗೆ ಬರೋ ಹಾಗಿಲ್ಲ," ಅಂದ ಮಗ.

"ಕೀ ಕೇಳಿದ್ದು ನಾನು, ಕಾನೂನಲ್ಲ."

ಮಗ ಮೇಜಿನ ಮೇಲಿದ್ದ ಹಳೇ ಪಿನ್ನನ್ನು ತೆಗೆದು ಅಪ್ಪನ ಕಾಲ ಬಳಿ ಎಸೆದ. "ನೋಡು. ಇದೇ ನಿನ್ನ ಹೊಸದರ ಹಾಗಿರೋದು. ಇದಕ್ಕೆ ನನ್ನ ಕೈ ಮುರಿದೆ."

ಕ್ರೇನಪ್ಪ ಬಗ್ಗಿ ಎತ್ತಿಕೊಂಡ. ಸವೆದ ಜಾಗವನ್ನು ಹೆಬ್ಬೆರಳಿನಿಂದ ಉಜ್ಜಿದ. ಪಿನ್ನನ್ನು ಜೇಬಿಗೆ ಹಾಕಿಕೊಂಡು, ಗೋಡೆಗೆ ಒರಗಿಸಿದ್ದ ಕಬ್ಬಿಣದ ದೊಡ್ಡ ಸುತ್ತಿಗೆ ತೆಗೆದುಕೊಂಡ. ಮೊದಲ ಏಟಿಗೆ ಬಾನೆಟ್ಟು ಒಳಗೆ ಹೋಯಿತು. ಎರಡನೆಯದಕ್ಕೆ ದೀಪ. ಮೂರನೆಯದಕ್ಕೆ ಅಮ್ಮ ಅವನ ಬೆನ್ನ ಹಿಂದಿನಿಂದ ಹೋಗಿ ಸುತ್ತಿಗೆಯ ಹಿಡಿಯನ್ನು ಹಿಡಿದುಕೊಂಡಳು.

"ಸಾಕು," ಅಂದಳು. "ಸಾಕು, ಹೋಗಿ."

ಅವನು ಹಿಡಿಯನ್ನು ಹಿಂದಕ್ಕೆ ಜೋರಾಗಿ ತಿವಿದ. ಅದು ಅವಳ ಬಾಯಿಗೆ ಬಡಿಯಿತು. ಅವಳು ಗೋಡೆಗೆ ಜಾರಿ ಕೂತಳು. ಅಂಗೈಯಲ್ಲಿ ಉಗುಳಿದಾಗ ರಕ್ತದ ಜೊತೆ ಹಲ್ಲು ಬಂತು.

ಮಗ ಜಾಕಿನ ಹಿಡಿ ತೆಗೆದುಕೊಂಡ. ಎಡಗೈಯಾದರೂ ಮೊದಲ ಏಟು ಸರಿಯಾಗಿ ಮಂಡಿಗೆ ಬಿತ್ತು. ಕ್ರೇನಪ್ಪ ಕುಸಿದ, ಸುತ್ತಿಗೆ ಉರುಳಿ ದೂರ ಹೋಯಿತು. ಎರಡನೆಯದು ಮುಖಕ್ಕೆ. ಕ್ರೇನಪ್ಪ ಕೈ ಅಡ್ಡ ಹಿಡಿದು, "ಲೋ, ಬೇಡ," ಅಂದ. ಮಗನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಯೂ ನಿಲ್ಲಲಿಲ್ಲ. ಅಡ್ಡ ಹಿಡಿದ ಕೈಗೆ, ಮತ್ತೆ ಮುಖಕ್ಕೆ, ಮತ್ತೆ ಮುಖಕ್ಕೆ. ಕ್ರೇನಪ್ಪ ಮಿಸುಕುವುದನ್ನು ನಿಲ್ಲಿಸಿದ. ಮಗ ನಿಲ್ಲಿಸಲಿಲ್ಲ.

"ಸತ್ತೋಗ್ತಾರೆ, ಬಿಡು," ಅಂತ ಸೊಸೆ ಸೊಂಟ ಹಿಡಿದು ಎಳೆದಳು. ಅವನು ಮೊಣಕೈಯಿಂದ ಅವಳನ್ನು ತಳ್ಳಿದ. ಅಂಗಿ ಹಿಡಿದಳು, ಅದು ಹರಿಯಿತು. ಆಗ ಅವಳು ಪ್ಲಾಸ್ಟರಿನ ಕೈಯನ್ನು ಎರಡೂ ಕೈಯಿಂದ ಹಿಡಿದು, ಕಾಲನ್ನು ನೆಲಕ್ಕೆ ಊರಿ, ಮೈಯ ಭಾರವನ್ನೆಲ್ಲ ಹಾಕಿ ತಿರುಚಿದಳು. ಒಳಗೆ ಏನೋ ಲಟಕ್ಕೆಂದಿತು. ಅವನು ಕಿರುಚಿ ಮಂಡಿಯೂರಿದ. ಜಾಕಿನ ಹಿಡಿ ಕೈಯಿಂದ ಜಾರಿತು. ಅವಳು ಅದನ್ನು ಬೇಲಿಯಾಚೆ ಎಸೆದು, ಆಂಬುಲೆನ್ಸಿಗೆ ಫೋನ್ ಮಾಡಿದಳು.

ಕ್ರೇನಪ್ಪ ಬದುಕಿದ. ಒಂದು ಕಣ್ಣು ಹೋಯಿತು, ಮಂಡಿ ಮಡಚದಂತಾಯಿತು. ಮಗನ ಕೈಗೆ ಉಕ್ಕಿನ ಪಟ್ಟಿ ಹಾಕಿ ಮತ್ತೆ ಕೂರಿಸಿದರು. ಪೊಲೀಸರು ಬಂದಾಗ ಕ್ರೇನಪ್ಪ, "ನಾನೇ ಎಡವಿ ಬಿದ್ದೆ," ಅಂದ. ಮಗನನ್ನು ಉಳಿಸಲು ಅವನು ಜೀವನದಲ್ಲಿ ಮಾಡಿದ ಒಂದೇ ಕೆಲಸ ಅದು. ಅಮ್ಮ ಅದನ್ನೂ ಉಳಿಸಲಿಲ್ಲ. ಊದಿದ ತುಟಿಯಿಂದ ತೊದಲುತ್ತಾ ಗಂಡ ಮಾಡಿದ್ದನ್ನು ಹೇಳಿದಳು. ಅದೇ ಉಸಿರಿನಲ್ಲಿ, "ಮಗ ಮೊದಲು ಹೊಡೆದಿದ್ದು ನನಗೋಸ್ಕರ. ಬಿದ್ದ ಮೇಲೆ ಹೊಡೆದಿದ್ದು ನನಗೋಸ್ಕರ ಅಲ್ಲ," ಅಂದಳು.

ಆಸ್ಪತ್ರೆಯ ಹಾಸಿಗೆಯಲ್ಲಿ ಮಗ ಹೆಂಡತಿಯನ್ನು ಕೇಳಿದ, "ನನ್ನ ಕೈ ಮುರಿದೆಯಲ್ಲ?"

"ಹೂಂ."

"ಬೇರೆ ಕಡೆ ಹಿಡಿಯೋಕ್ಕಾಗ್ಲಿಲ್ವಾ?"

"ಸೊಂಟ ಹಿಡಿದೆ. ಅಂಗಿ ಹಿಡಿದೆ. ನಿಂತೆಯಾ ನೀನು?"

ಅವನು ಛಾವಣಿ ನೋಡಿದ. "ಮನೆಗೆ ಬರ್ತೀಯಾ?"

"ಇಲ್ಲ. ಅತ್ತೆ ಜೊತೆ ಹೋಗ್ತಿದೀನಿ. ಅವರೇ ಕರೆದಿದ್ದು."

"ಅವಳು ನನ್ನ ಅಮ್ಮ."

"ಅದಕ್ಕೇ ಅವರು ನಿನ್ನನ್ನ ನೋಡೋಕೆ ದಿನಾ ಬರ್ತಿರೋದು," ಅಂದಳು. "ಊಟದ ಡಬ್ಬಿ ಇಲ್ಲಿದೆ. ಬಿಸಿ ಇರುವಾಗ್ಲೇ ತಿನ್ನು."

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಅತ್ತೆ ಸೊಸೆ ಎರಡು ಕೋಣೆ ಬಾಡಿಗೆಗೆ ಹಿಡಿದರು. ನುಜ್ಜುಗುಜ್ಜಾದ ಕಾರನ್ನು ಇದ್ದ ಸ್ಥಿತಿಯಲ್ಲೇ ಯಾರೋ ಎಳೆದುಕೊಂಡು ಹೋದರು. ಕ್ರೇನಪ್ಪ ಕೋರ್ಟಿನಲ್ಲೂ ಎಡವಿ ಬಿದ್ದೆ ಅಂತಲೇ ಹೇಳಿ ತಮ್ಮನ ಮನೆಗೆ ವಾಪಸ್ಸು ಹೋದ. ಕೋರ್ಟು ಮಗನಿಗೆ ಎಚ್ಚರಿಕೆ ಕೊಟ್ಟು, ವಾರ ವಾರ ಠಾಣೆಗೆ ಬಂದು ಸಹಿ ಹಾಕು ಅಂದಿತು. ಅವನು ಹಳೇ ಮನೆಯಲ್ಲಿ ಒಬ್ಬನೇ ಇದ್ದ. ಮತ್ತೆ ಲಿಫ್ಟ್ ಕೆಲಸಕ್ಕೆ ಹೋಗತೊಡಗಿದ. ಬಲಗೈಯ ಮುಷ್ಟಿ ಪೂರ್ತಿ ಬಿಗಿಯಾಗುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಬಾಡಿಗೆ ಕೋಣೆಯ ಬಾಗಿಲು ಬಡಿದ ಸದ್ದಾಯಿತು.

"ಯಾರು?" ಅಂದಳು ಅಮ್ಮ ಒಳಗಿನಿಂದ.

"ನಾನಮ್ಮ."

"ಸಿಟ್ಟಲ್ಲಿ ಬಂದಿದೀಯಾ?"

"ಇಲ್ಲ."

ಅಮ್ಮ ಸೊಸೆಯ ಮುಖ ನೋಡಿದಳು. ಸೊಸೆ ತಲೆ ಆಡಿಸಿದ ಮೇಲೆ ಚಿಲಕ ತೆಗೆದಳು. ಅವನು ಒಳಗೆ ಬಂದು, ಎಲ್ಲಿ ಕೂರಬೇಕು ಅಂತ ಗೊತ್ತಾಗದೆ ನಿಂತ. ಸೊಸೆ ಕುರ್ಚಿ ತೋರಿಸಿದಳು. ಬ್ರೆಡ್ಡು, ಮೊಟ್ಟೆ, ಚಹಾ ಮೇಜಿಗೆ ಬಂತು. ಮೂವರೂ ಕೂತರು. ಲಾಂಡ್ರಿಯ ಹೊಸ ಯಂತ್ರದ ಬಗ್ಗೆ ಅಮ್ಮ ಏನೋ ಹೇಳಿದಳು. ಅವನು ಕೆಲಸದ ಸುದ್ದಿ ಹೇಳಿದ. ಜಾಮಿನ ಬಾಟಲಿ ಎಳೆದುಕೊಂಡು ಮುಚ್ಚಳ ತೆಗೆಯಲು ನೋಡಿದ. ಬಲಗೈಗೆ ಹಿಡಿತ ಸಿಗಲಿಲ್ಲ. ಬಾಟಲಿ ಜಾರಿ ನೆಲಕ್ಕೆ ಬಿದ್ದು ಒಡೆಯಿತು.

ಅವನು ತಲೆ ಎತ್ತಿದ. ಅಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದಳು. ಹೆಂಡತಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಕೈಯಲ್ಲಿ ಫೋರ್ಕು ಇತ್ತು.

ಒಲೆಯ ಮೇಲೆ ನೀರು ಕುದಿಯುತ್ತಿತ್ತು.

"ಕೈ ಜಾರ್ತು," ಅಂದ ಅವನು. "ಬರೀ ಕೈ ಜಾರಿದ್ದು ಅಮ್ಮ."

ಅಮ್ಮ ಕೈ ಇಳಿಸಿದಳು. ಏಳಲಿಲ್ಲ, ಒರೆಸುವ ಬಟ್ಟೆ ಹುಡುಕಲಿಲ್ಲ.

"ಪೊರಕೆ ಎಲ್ಲಿದೆ?" ಅಂದ.

"ಬಾಗಿಲ ಹಿಂದೆ."

ಅವನು ಪೊರಕೆ ತಂದು, ಮಂಡಿಯೂರಿ, ಎಡಗೈಯಲ್ಲಿ ಗುಡಿಸತೊಡಗಿದ. ಜಾಮು ನೆಲಕ್ಕೆ ಅಂಟಿತ್ತು, ಗಾಜು ಸುಲಭಕ್ಕೆ ಬರುತ್ತಿರಲಿಲ್ಲ. ಹೆಂಡತಿ ನಿಧಾನವಾಗಿ ಬಂದು ಕುರ್ಚಿಯಲ್ಲಿ ಕೂತಳು. ಫೋರ್ಕನ್ನು ತಟ್ಟೆಯ ಪಕ್ಕ ಇಟ್ಟಳು. ಅವನು ಹತ್ತಿರ ಬಂದಾಗ ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡಳು. ಅವನು ಅಡಿಯಲ್ಲಿ ಗುಡಿಸಿದ.

"ಅಲ್ಲಿ ಮೂಲೇಲಿ ಇನ್ನೊಂದು ಚೂರಿದೆ," ಅಂದಳು.